ಅಂಜುವುದನ್ನು ಕಲಿಸಿದಾಕೆ

ಧೈರ್ಯ ಕಲಿಸಿದ ಗುರುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಹೊರಟಿರುವುದು ನನಗೆ ಅಂಜುವುದನ್ನು ಕಲಿಸಿದ ಒಬ್ಬ ಹೆಂಗಸಿನ ಬಗ್ಗೆ. ನಾನೂ ಮಕ್ಕಳಿಗೆ ಪಾಠ ಹೇಳುವವಳೇ. ವರ್ಷಗಟ್ಟಲೆ ತರಗತಿಯಲ್ಲಿ ನಿಂತು, ಕಪ್ಪುಹಲಗೆಯ ಮುಂದೆ ಬರಲು ಹಿಂಜರಿಯುವ ಮಕ್ಕಳಿಗೆಲ್ಲ ಹೆದರಬೇಡಿ, ಹೆದರಬೇಡಿ ಎಂದು ಹೇಳುತ್ತಾ ಬಂದಿದ್ದೆ. ಈಗ ಆ ಮಾತನ್ನು ಅಷ್ಟು ಸಲೀಸಾಗಿ ಹೇಳುವುದಿಲ್ಲ. ಅದನ್ನು ನನ್ನ ಬಾಯಿಂದ ಬಿಡಿಸಿದವಳು ಆಕೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುಡ್ಡದ ಮೇಲೆ ಯಾರಾದರೂ ತನ್ನ ಹೆಸರು ಹಿಡಿದು ಕೂಗಿದರೆ ಆಕೆಗೆ ಕೆಂಡದಂಥ ಸಿಟ್ಟು ಬರುತ್ತಿತ್ತು. ಹೆಸರು ಗೊತ್ತಾದರೆ ಅದು ಹುಡುಕಿಕೊಂಡು ಮನೆಗೆ ಬರುತ್ತದೆ ಎಂದು ನಂಬಿದ್ದಳು. ಅದು ಎಂದರೆ ಕರಡಿ. ಆ ಶಬ್ದವನ್ನೂ ಆಕೆ ಆಡುತ್ತಿರಲಿಲ್ಲ, ಗುಡ್ಡದಾತ ಎನ್ನುತ್ತಿದ್ದಳು. ಹೋದ ಮುಂಗಾರಿಗೆ ಮುಂಚೆ ಆಕೆ ತೀರಿಕೊಂಡಳು. ಇನ್ನು ಹೆಸರು ಹೇಳಿದರೂ ಏನಾಗಬೇಕಿದೆ ಎಂದು ಪೆನ್ನು ಹಿಡಿದರೆ ಕೈ ಮುಂದಕ್ಕೆ ಹೋಗುವುದಿಲ್ಲ.

ಹರಪನಹಳ್ಳಿ ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ಕಾನಹೊಸಹಳ್ಳಿಯಿಂದ ಒಳಗೆ, ಕಲ್ಲುಗುಡ್ಡಗಳ ನಡುವಿನ ಒಂದು ಹಳ್ಳಿಯ ಶಾಲೆಗೆ ವರ್ಗವಾಗಿ ಹೋದಾಗ ಆಕೆಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಆಕೆಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ಕುರಿಹಿಂಡಿನ ಹಿಂದೆ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಹೊರಗೇ ಇರುತ್ತಿದ್ದ. ಮನೆಯಲ್ಲಿದ್ದವರು ಆಕೆ ಮತ್ತು ಸೊಸೆ ಕೊಟ್ರಮ್ಮ, ಇಬ್ಬರೇ.

ಹೊಸ ಬಾಡಿಗೆಯವರನ್ನು ಊರಿನ ಹೆಂಗಸರು ಕೇಳುವ ಪ್ರಶ್ನೆಗಳು ನನಗೆ ಗೊತ್ತಿದ್ದವು. ಯಾವ ಮಂದಿ, ಗಂಡ ಎಲ್ಲಿದ್ದಾನೆ, ಮಕ್ಕಳೆಷ್ಟು ಎಂಬುದಕ್ಕೆಲ್ಲ ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಆಕೆ ಅದ್ಯಾವುದನ್ನೂ ಕೇಳಲಿಲ್ಲ. ನನ್ನ ಟ್ರಂಕು ಒಳಗಿಡಿಸಿ, ನೀರು ಕೊಟ್ಟು, ನಾನು ಕುಡಿದು ಮುಗಿಸುವ ತನಕ ನೋಡುತ್ತಾ ನಿಂತು, ಆಮೇಲೆ ಕೇಳಿದಳು: "ಟೀಚರ್, ನಿಮಗ ಅಂಜಿಕಿ ಐತೇನ್ರಿ?" ನಾನು ದೊಡ್ಡ ಜಂಬದಿಂದ ಇಲ್ಲ ಎಂದೆ. ಆಕೆ ತಲೆಯಾಡಿಸಿ ಒಳಗೆ ಹೋದಳು. ನಾನು ಪರೀಕ್ಷೆಯಲ್ಲಿ ಫೇಲಾದದ್ದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ.

ಆ ವರ್ಷ ದಸರೆಯ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ದಿನಬಿಟ್ಟು ದಿನ ಬುಟ್ಟಿ ಹೊತ್ತು ಗುಡ್ಡಕ್ಕೆ ಹೋಗಿ ಸೀತಾಫಲ ತರುತ್ತಿದ್ದರು. ಯಾರೂ ನೆಟ್ಟ ಗಿಡಗಳಲ್ಲ, ಬಂಡೆಗಳ ಸಂದಿಯಲ್ಲಿ ತಾವಾಗಿ ಬೆಳೆದವು. ನಾನೂ ಬರುತ್ತೇನೆಂದು ಗೋಗರೆದರೂ ಆಕೆ ಒಪ್ಪಲಿಲ್ಲ. ಮರುವರ್ಷ ಒಂದು ದಿನ ಬಚ್ಚಲಿನಲ್ಲಿ ಚೇಳು ಕಂಡು ನಾನು ಓಣಿಯೆಲ್ಲ ಕೇಳುವಂತೆ ಕಿರುಚಿ, ಸೋಪಿನ ನೊರೆಯಲ್ಲೇ ಅಂಗಳಕ್ಕೆ ಓಡಿಬಂದೆ. ಕೊಟ್ರಮ್ಮ ನಕ್ಕು ನಕ್ಕು ಸುಸ್ತಾದಳು. ಆಕೆ ಮಾತ್ರ ನಗಲಿಲ್ಲ. ಚೇಳನ್ನು ಚಪ್ಪಲಿಯಿಂದ ಹೊಡೆದು ಹೊರಗೆಸೆದು, ನನ್ನ ಕಡೆ ಬಹಳ ಸಮಾಧಾನದಿಂದ ನೋಡಿ, ನಾಳೆ ಗುಡ್ಡಕ್ಕೆ ಬರ್ರಿ ಎಂದಳು. ಧೈರ್ಯವಂತರು ಆಕೆಗೆ ಬೇಕಾಗಿರಲಿಲ್ಲ. ಅವರು ಮುಂದೆ ಮುಂದೆ ಹೋಗುತ್ತಾರೆ, ಅವರನ್ನು ಕಾಯುವುದೇ ಒಂದು ಕೆಲಸವಾಗುತ್ತದೆ ಎನ್ನುವುದು ಆಕೆಯ ಲೆಕ್ಕ.

ಆಕೆಗೆ ಅರವತ್ತರ ಆಸುಪಾಸು. ತೆಳ್ಳನೆಯ ಆಳು. ಸೆರಗು ಯಾವಾಗಲೂ ತಲೆಯ ಎಡಭಾಗದ ಮೇಲೆ ಬಿಗಿಯಾಗಿ ಎಳೆದಿರುತ್ತಿತ್ತು. ಎಲ್ಲಿ ಕೂತರೂ ಎಡಮಗ್ಗುಲು ಗೋಡೆಗೆ ಬರುವಂತೆ ಕೂರುತ್ತಿದ್ದಳು. ಎಡಗಡೆಯಿಂದ ಯಾರಾದರೂ ಹತ್ತಿರ ಬಂದರೆ ಬೆಚ್ಚಿಬಿದ್ದು ಕೈಯಲ್ಲಿದ್ದುದನ್ನು ಬಿಟ್ಟುಬಿಡುತ್ತಿದ್ದಳು. ಹಾಗೆ ಒಮ್ಮೆ ನನ್ನಿಂದಲೇ ಒಂದು ತಂಬಿಗೆ ಮಜ್ಜಿಗೆ ಅಂಗಳದ ಪಾಲಾಯಿತು. ಮೊದಲ ದಿನ ಗುಡ್ಡದ ಬುಡದಲ್ಲಿ ಆಕೆ ಸೆರಗನ್ನು ಹಿಂದಕ್ಕೆ ಸರಿಸಿ ನನಗೆ ತೋರಿಸಿದಳು. ಎಡಗಿವಿ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ನೆತ್ತಿಯಿಂದ ಕತ್ತಿನವರೆಗೆ ಗಂಟುಗಂಟಾದ ಚರ್ಮ. ಹನ್ನೆರಡು ವರ್ಷದವಳಿದ್ದಾಗ ಒಬ್ಬಳೇ ಹಣ್ಣಿಗೆ ಬಂದಿದ್ದಳಂತೆ. "ಈ ಕಡೆ ನನಗ ಏನೂ ಕೇಳಂಗಿಲ್ಲ. ನೀ ಎಡಕ್ಕ ನಡಿ. ಏನು ಕೇಳಿಸ್ತೈತಿ ಅದನ್ನ ಹೇಳು" ಎಂದು ತನ್ನ ಎಡಗೈಯ ಮುಂಗೈಯನ್ನು ನನ್ನ ಕೈಗೆ ಕೊಟ್ಟಳು. ಮನೆಯಲ್ಲಿ ಬರ್ರಿ ಹೋಗ್ರಿ ಎನ್ನುವವಳು ಗುಡ್ಡದಲ್ಲಿ ನಡಿ ಬಾ ಎನ್ನುತ್ತಿದ್ದಳು. ಅಲ್ಲಿ ಮರ್ಯಾದೆಗೆಲ್ಲ ಪುರುಸೊತ್ತಿರಲಿಲ್ಲ.

ಆಕೆಯ ಪದ್ಧತಿಗಳು ಸರಳವಾಗಿದ್ದವು, ಆದರೆ ಒಂದನ್ನೂ ಬಿಡುವಂತಿರಲಿಲ್ಲ. ಬಿಸಿಲು ಬಂಡೆಗೆ ತಾಕಿ ಬಂಡೆ ಬೆಚ್ಚಗಾಗುವವರೆಗೆ ಹತ್ತಬಾರದು. ಅಷ್ಟು ಹೊತ್ತಿಗೆ ಗುಡ್ಡದಾತ ತನ್ನ ಗವಿ ಸೇರಿರುತ್ತಾನೆ. ಗುಡ್ಡದ ಬುಡದಲ್ಲಿ ಗಾಳೆಮ್ಮ ದೇವಿಯ ಕಲ್ಲಿದೆ. ಅಲ್ಲಿ ನಿಂತು ಎಷ್ಟು ಜನ ಬಂದಿದ್ದೇವೆಂದು ಗಟ್ಟಿಯಾಗಿ ಹೇಳಬೇಕು, ಇಳಿದ ಮೇಲೆ ಎಷ್ಟು ಜನ ಇಳಿದೆವೆಂದೂ ಹೇಳಬೇಕು. ಹತ್ತುವಾಗ ಬಾಯಿ ಮುಚ್ಚಬಾರದು. ಆಕೆಯಂತೂ ಕೋಲಿನಿಂದ ಬಂಡೆಗಳನ್ನು ಬಡಿಯುತ್ತಾ, ಮನೆಯ ಸುದ್ದಿಯನ್ನೆಲ್ಲ ಎತ್ತಿದ ದನಿಯಲ್ಲಿ ಗುಡ್ಡಕ್ಕೆ ಒಪ್ಪಿಸುತ್ತಿದ್ದಳು. ಮೊದಲ ದಿನ ಆಕೆ ಹೇಳಿದ ಸುದ್ದಿಯಲ್ಲಿ ನಾನೂ ಇದ್ದೆ. ಹೊಸಬಳೊಬ್ಬಳು ಬಂದಿದ್ದಾಳಪ್ಪ, ಹರಪನಹಳ್ಳಿಯಾಕಿ, ಸಾಲಿ ಟೀಚರ್, ಚೇಳಿಗೆ ಅಂಜುತ್ತಾಳೆ, ನಿನಗೂ ಅಂಜುತ್ತಾಳೆ, ದಾರಿ ಬಿಡು ಎಂದು. ನನಗೆ ನಗು ಬಂತು. ಆದರೆ ಎಡಗಡೆ ಒಣ ಎಲೆ ಸರಕ್ಕೆಂದ ಕೂಡಲೇ ನಗು ಹೋಯಿತು. ಓತಿಕ್ಯಾತ ಎಂದೆ. ಹಂಗ ಹೇಳ್ಕೋತ ಬಾ ಎಂದಳು.

ಕಾಯಿ ಕೀಳುವುದಕ್ಕೂ ಕಣ್ಣು ಬೇಕು. ಸೀತಾಫಲದ ಮೈಮೇಲಿನ ಗುಬುಟುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗೆ ಕಾಣತೊಡಗಿದರೆ ಕಾಯಿ ಕಣ್ಣು ಬಿಟ್ಟಿತು ಎನ್ನುತ್ತಾರೆ. ಅಂಥದನ್ನು ಮಾತ್ರ ತೊಟ್ಟಿನ ಸಮೇತ ತಿರುವಿ ಕೀಳಬೇಕು. ಕಣ್ಣು ಬಿಡದ ಕಾಯಿಯನ್ನು ಕಿತ್ತರೆ ಎಷ್ಟು ದಿನ ಇಟ್ಟರೂ ಕಲ್ಲೇ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಆಕೆ ನನ್ನ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು. ಒತ್ತಿದ ಜಾಗ ಕಪ್ಪಾಗಿ ಕೊಳೆಯುತ್ತದೆ. ಗಿಡದಲ್ಲೇ ಹಣ್ಣಾದುದನ್ನು, ಕೆಳಗೆ ಬಿದ್ದುದನ್ನು, ಸೊಂಟಕ್ಕಿಂತ ಕೆಳಗಿನ ಟೊಂಗೆಯಲ್ಲಿದ್ದುದನ್ನು ಮುಟ್ಟುವಂತಿಲ್ಲ. ಅದೆಲ್ಲ ಗುಡ್ಡದಾತನ ಪಾಲು.

ತಂದ ಕಾಯಿಯನ್ನು ಮನೆಯೊಳಗೆ ಇಡುತ್ತಿರಲಿಲ್ಲ. ಓಣಿಯಾಚೆ ಖಾಲಿ ಬಿದ್ದಿದ್ದ ಕುರಿರೊಪ್ಪದಲ್ಲಿ, ಮುಳ್ಳುಬೇಲಿಯ ಒಳಗೆ, ದೊಡ್ಡ ಗುಡಾಣದಲ್ಲಿ ಒಣಹುಲ್ಲು ಹಾಸಿ ಒಂದಕ್ಕೊಂದು ತಾಗದ ಹಾಗೆ ಮಲಗಿಸುತ್ತಿದ್ದಳು. ಹಣ್ಣಾಗತೊಡಗಿದರೆ ಆ ವಾಸನೆ ಗುಡ್ಡದವರೆಗೆ ಹೋಗುತ್ತದೆ, ಹಣ್ಣಿದ್ದ ಮನೆಗೆ ಅದು ಬರುತ್ತದೆ ಎಂಬ ಅಂಜಿಕೆ. ಸಂಜೆ ಹೋಗಿ ಮೆತ್ತಗಾದುದನ್ನೆಲ್ಲ ಆರಿಸಿ, ಕತ್ತಲಾಗುವುದರೊಳಗೆ ಹಂಚಿಯೋ ಮಾರಿಯೋ ಮುಗಿಸುತ್ತಿದ್ದಳು. ಒಮ್ಮೆ ನಾನು ಆಸೆಗೆ ನಾಲ್ಕು ಹಣ್ಣು ಕಿಟಕಿಯಲ್ಲಿಟ್ಟುಕೊಂಡಿದ್ದೆ. ಆಕೆ ನನ್ನನ್ನೊಂದು ಮಾತೂ ಕೇಳದೆ ಒಳಗೆ ಬಂದು ನಾಲ್ಕನ್ನೂ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಎಮ್ಮೆಗೆ ಹಾಕಿಬಿಟ್ಟಳು. ಆ ಎಮ್ಮೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಓದಿದವಳಲ್ಲವೇ ನಾನು, ಹಣ್ಣನ್ನು ವರ್ಷಪೂರ್ತಿ ಉಳಿಸುವ ದಾರಿ ತೋರಿಸುತ್ತೇನೆಂದು ಒಮ್ಮೆ ತಿರುಳು ತೆಗೆದು, ಸಕ್ಕರೆ ಹಾಕಿ, ಒಲೆಯ ಮೇಲಿಟ್ಟು ಜಾಮ್ ಮಾಡಿದೆ. ಕುದಿದಂತೆಲ್ಲ ಅದು ಕಂದಿ, ನಾಲಿಗೆಗಿಟ್ಟರೆ ಬೇವಿನ ಕಷಾಯ. ಸೀತಾಫಲಕ್ಕೆ ಬೆಂಕಿ ಆಗದು ಎಂಬುದು ಆಕೆಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದಳು. ಆಮೇಲೆ ಮೂವರೂ ಕೂತು ದಾರಿ ಹುಡುಕಿದೆವು. ತಿರುಳಿಗೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಸ್ಟೀಲ್ ಡಬ್ಬಿಯಲ್ಲಿ ತುಂಬಿ ನನ್ನ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟರೆ ಬಣ್ಣವೂ ಕೆಡಲಿಲ್ಲ, ರುಚಿಯೂ ಕೆಡಲಿಲ್ಲ. ಮುಚ್ಚಳ ಬಿಗಿಯಾಗಿದ್ದರೆ ವಾಸನೆಯೂ ಹೊರಗೆ ಬರುವುದಿಲ್ಲ ಎಂದು ಆಕೆ ಮೂರು ಸಲ ಮೂಗಿಟ್ಟು ನೋಡಿ ಒಪ್ಪಿಗೆ ಕೊಟ್ಟಳು. ಆ ತಿರುಳು ಕೊಟ್ಟೂರಿನ ಒಬ್ಬ ಐಸ್‌ಕ್ರೀಮಿನವನಿಗೆ ರುಚಿಸಿತು. ಅವನು ಹಣ್ಣಿನ ಹಂಗಾಮಿನಲ್ಲಿ ವಾರಕ್ಕೆರಡು ಸಲ ಗಾಡಿ ಕಳಿಸತೊಡಗಿದ. ಇದೆಲ್ಲ ನನ್ನ ಜಾಣತನದ ಫಲ ಎಂದು ನಾನು ಬಹಳ ಹೆಮ್ಮೆಪಟ್ಟುಕೊಂಡಿದ್ದೆ.

ಆಕೆಯ ಅಂಜಿಕೆಯನ್ನು ಊರು ಹುಚ್ಚು ಎನ್ನುತ್ತಿತ್ತು. ನಾವು ಶಾಲೆಯ ಅಂಗಳದಲ್ಲಿ ಮಕ್ಕಳ ಕೈಯಿಂದ ಹತ್ತು ಸೀತಾಫಲದ ಸಸಿ ನೆಡಿಸಿದ್ದೆವು. ಆಕೆ ಹೆಡ್‌ಮಾಸ್ತರರ ಹತ್ತಿರ ಬಂದು, ಇವು ಫಲಕ್ಕೆ ಬಂದರೆ ಗುಡ್ಡದಾತ ಸಾಲಿಗೆ ಬರುತ್ತಾನೆ, ಮಕ್ಕಳಿದ್ದಾವೆ, ಬೇಡ ಎಂದು ಕೈಮುಗಿದು ಕೇಳಿಕೊಂಡಳು. ಅವರು ನಕ್ಕು ಕಳಿಸಿದರು. ಒಂದು ಭಾನುವಾರ ಮಧ್ಯಾಹ್ನ ಹತ್ತೂ ಸಸಿ ಬೇರುಸಮೇತ ಮಾಯವಾದವು. ಊರೆಲ್ಲ ಬೈದರೂ ಆಕೆ ಬಾಯಿಬಿಡಲಿಲ್ಲ. ಗುಡ್ಡದ ಆಚೆ ಮಗ್ಗುಲಿಗೆ ಅವನ್ನು ಸಾಲಾಗಿ ನೆಟ್ಟು, ಸುತ್ತ ಕಲ್ಲು ಜೋಡಿಸಿ, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದುದನ್ನು ನಾನು ಮಾತ್ರ ನೋಡಿದ್ದೆ. ನಾನೂ ಬಾಯಿಬಿಡಲಿಲ್ಲ.

ತಿಂದ ಹಣ್ಣಿನ ಬೀಜವನ್ನು ಆಕೆ ಎಸೆಯಲು ಬಿಡುತ್ತಿರಲಿಲ್ಲ. ತೊಳೆದು, ನೆರಳಲ್ಲಿ ಒಣಗಿಸಿ, ಹಳೆಯ ಹಾಲಿನಪುಡಿಯ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಆ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆಂದು ಡಬ್ಬಿಗೆ ಬಟ್ಟೆ ಕಟ್ಟಿ ಮಕ್ಕಳ ಕೈಗೆಟುಕದ ಹಾಗೆ ಜಂತಿಗೆ ಸಿಕ್ಕಿಸುತ್ತಿದ್ದಳು. ಮೃಗಶಿರಾ ಮಳೆ ಬಿದ್ದ ಮೇಲೆ ಬೀಜವನ್ನು ಸಗಣಿನೀರಿನಲ್ಲಿ ನೆನೆಸಿ, ಗುಡ್ಡದ ಸಂದಿಗಳಲ್ಲಿ ಊರಿಬರುತ್ತಿದ್ದಳು. ಗುಡ್ಡದ ಮೇಲೆ ಅವನಿಗೆ ಸಾಕಾಗುವಷ್ಟಿದ್ದರೆ ಅವನು ಕೆಳಗೆ ಯಾಕೆ ಬರುತ್ತಾನೆ ಎಂಬುದಷ್ಟೇ ಆಕೆಯ ವಿಚಾರ. ಆಕೆ ಗಿಡ ಬೆಳೆಸುತ್ತಿದ್ದುದೂ ಅಂಜಿಕೆಯಿಂದಲೇ.

ಇನ್ನು ಆ ದಿನದ ಮಾತು. ಇದನ್ನು ಬರೆಯಲೆಂದೇ ಕೂತವಳು ಇಷ್ಟು ಹೊತ್ತು ಜಾಮು ಎಮ್ಮೆ ಎಂದು ಸುತ್ತುಹಾಕಿದ್ದೇನೆ.

ಗಾಡಿ ಬರತೊಡಗಿದ ಮೇಲೆ ಊರಿನ ಮತ್ತೆ ನಾಲ್ಕಾರು ಮನೆಯವರು ಗುಡ್ಡ ಹತ್ತತೊಡಗಿದ್ದರು. ನಾನು ಗುಡ್ಡ ಹತ್ತತೊಡಗಿದ ಮೂರನೆಯ ಹಂಗಾಮು ಅದು. ಮೇಲಿನ ದೊಡ್ಡ ಬಂಡೆಯ ಹಿಂದೆ ಒಳ್ಳೆಯ ಗಿಡಗಳ ಗುಂಪೊಂದು ಕಾಯಿ ಕಣ್ಣುಬಿಟ್ಟು ನಿಂತಿದೆಯೆಂದು ಕೊಟ್ರಮ್ಮನಿಗೆ ಮಾತ್ರ ಗೊತ್ತಿತ್ತು. ಅವಳು ಹಿಂದಿನ ಸಂಜೆಯಿಂದ ಅತ್ತೆಯ ಬೆನ್ನುಹತ್ತಿದ್ದಳು. ಬಿಸಿಲಿಗೆ ಕಾಯುತ್ತಾ ಕೂತರೆ ಬೇರೆಯವರು ಕಿತ್ತುಕೊಂಡು ಹೋಗುತ್ತಾರೆ, ಬೇಗ ಹೋಗೋಣ ಎಂದು. ಆಕೆ ಬಹಳ ಹೊತ್ತು ಒಪ್ಪಲಿಲ್ಲ. ಸೊಸೆಯ ಮುಖ ಸಪ್ಪಗಾದದ್ದು ನೋಡಿ ಕೊನೆಗೆ ಹೂಂ ಎಂದಳು. ಮರುದಿನ ನಾವು ಹೊರಟಾಗ ಬೆಳ್ಳಗೆ ಬೆಳಕಾಗಿತ್ತು, ಆದರೆ ಬಿಸಿಲು ಇನ್ನೂ ಬಂಡೆಗೆ ಇಳಿದಿರಲಿಲ್ಲ. ಗಾಳೆಮ್ಮನ ಕಲ್ಲಿನ ಹತ್ತಿರ ಆಕೆ ಬಾಯಿ ತೆರೆಯುವುದರೊಳಗೆ ಕೊಟ್ರಮ್ಮ, "ಅತ್ತಿ, ಇವತ್ತೊಂದಿನ ಒದರಬ್ಯಾಡ. ಮಂದಿಗೆ ಜಾಗ ಗೊತ್ತಾಗ್ತೈತಿ" ಎಂದಳು. ಆಕೆ ಮೂರು ಮಂದಿ ಬಂದೀವಿ ಎಂದು ತುಟಿಯಲ್ಲೇ ಹೇಳಿಕೊಂಡಳು. ನಾನು ಕೇಳಿಸಿಕೊಂಡೆ. ಗುಡ್ಡಕ್ಕೆ ಕೇಳಿಸಿರಲಾರದು.

ಕೊಟ್ರಮ್ಮ ಮುಂದೆ ಹೋಗಿ ದೊಡ್ಡ ಬಂಡೆಯ ಮರೆಯಾದಳು. ನಾವಿಬ್ಬರು ಮೂವತ್ತು ನಲವತ್ತು ಹೆಜ್ಜೆ ಹಿಂದೆ. ಆಕೆಯ ಕೋಲು ಸುಮ್ಮನಿತ್ತು. ಅಷ್ಟು ಸುಮ್ಮನಿದ್ದ ಗುಡ್ಡವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಎಡಗಡೆ ಕಾರೆ ಮುಳ್ಳಿನ ಹಿಂದೆ ಒಂದು ಹುತ್ತವಿತ್ತು, ಗುಡ್ಡದಾತ ಗೆದ್ದಲು ಹೀರುವಂಥದು. ಆ ಕಡೆಯಿಂದ ಯಾರೋ ಬಿಸಿ ಚಹಾವನ್ನು ಸೊರ್ರೆಂದು ಹೀರಿದಂಥ ಸದ್ದು ಬಂತು. ಒಂದು ಸಲ, ಎರಡು ಸಲ, ಆಮೇಲೆ ನಿಂತಿತು. ಸದ್ದಿಗಿಂತ ಅದು ನಿಂತದ್ದೇ ಹೆಚ್ಚು ಅಂಜಿಸಿತು. ಅದೂ ನಮ್ಮನ್ನು ಕೇಳಿಸಿಕೊಳ್ಳುತ್ತಿದೆ ಎಂದು ನನಗೆ ಗೊತ್ತಾಯಿತು.

ನಾನು ಹೇಳಬೇಕಿತ್ತು. ನನ್ನನ್ನು ಕರೆದುಕೊಂಡು ಹೋಗುತ್ತಿದ್ದುದೇ ಅದೊಂದಕ್ಕೆ. ಓತಿಕ್ಯಾತಕ್ಕೆ, ಕೌಜುಗದ ಹಕ್ಕಿಗೆ, ಬಿದ್ದ ಎಲೆಗೆಲ್ಲ ಬಾಯಿ ಬಿಟ್ಟಿದ್ದೆ. ಆಗ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ನಾನು ಸದ್ದು ಮಾಡಿದರೆ ಅದು ನನ್ನ ಕಡೆ ಬರುತ್ತದೆ, ಮಾಡದಿದ್ದರೆ ಬೇರೆ ಕಡೆ ಹೋಗುತ್ತದೆ ಎಂಬ ಯೋಚನೆಯೂ ಬಂದಿತ್ತು. ಸ್ಪಷ್ಟವಾಗಿ ಬಂದಿತ್ತು. ಪಕ್ಕದಲ್ಲಿ ಆಕೆಯೂ ನಿಂತುಬಿಟ್ಟಿದ್ದಳು. ನಾನು ನಿಂತೆನೆಂದು ನಿಂತಳು ಎಂದುಕೊಂಡೆ. ಮುಳ್ಳಿನ ಹಿಂದೆ ಕಪ್ಪಗಿನ ಬೆನ್ನೊಂದು ಮೇಲ್ಮುಖವಾಗಿ ಸರಿದು ದೊಡ್ಡ ಬಂಡೆಯ ಕಡೆ ಹೋಯಿತು. ಐದಾರು ಉಸಿರಿನಷ್ಟು ಹೊತ್ತು ಇಬ್ಬರೂ ಹಾಗೇ ಇದ್ದೆವು. ಆಮೇಲೆ ಕೊಟ್ರಮ್ಮನ ಕೂಗು ಕೇಳಿತು.

ಆಕೆ ನನ್ನ ಕೈ ಕೊಡವಿ ಓಡಿದಳು. ಅರವತ್ತರ ಹೆಂಗಸು ಬಂಡೆಯಿಂದ ಬಂಡೆಗೆ ಹಾರಿ, ಗಂಟಲು ಹರಿಯುವಂತೆ ಕಿರುಚುತ್ತಾ, ಕೋಲಿನಿಂದ ಬುಟ್ಟಿಯನ್ನು ಬಡಿಯುತ್ತಾ ನೇರ ಅದರ ಮೇಲೇ ಹೋದಳು. ನಾನು ತಲುಪುವ ಹೊತ್ತಿಗೆ ಅದು ಹೋಗಿತ್ತು. ಕೊಟ್ರಮ್ಮ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರಿಂದ ಮುಖ ಉಳಿದಿತ್ತು. ಕೈ ನೋಡುವಂತಿರಲಿಲ್ಲ. ಸೀರೆಯ ಸೆರಗು ಹರಿದು ಕಟ್ಟಿ ಕೆಳಗಿಳಿಸಿದೆವು. ಕೂಡ್ಲಿಗಿಗೆ, ಅಲ್ಲಿಂದ ಬಳ್ಳಾರಿಗೆ ಕರೆದುಕೊಂಡು ಹೋದೆವು. ಜೀವಕ್ಕೇನೂ ಆಗಲಿಲ್ಲ. ಮೂರು ತಿಂಗಳ ಮೇಲೆ ಹೊಲಿಗೆಗಳೆಲ್ಲ ಮಾಯ್ದು ಮನೆಗೆ ಬಂದಳು. ಆದರೆ ಎಡಗೈಯ ಎರಡು ಬೆರಳು ಮಡಚಲು ಬರುವುದಿಲ್ಲ, ಭುಜದಿಂದ ಮೇಲಕ್ಕೆ ಕೈ ಏಳುವುದಿಲ್ಲ.

ಊರು ಕೇಳಿತು. ಇಬ್ಬರು ಹಿಂದೆ ಇದ್ದಿರಿ, ಯಾರಿಗೂ ಏನೂ ಕೇಳಿಸಲಿಲ್ಲವೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು, ಗಾಳಿ ಬಹಳ ಇತ್ತು, ಟೀಚರಿಗೂ ಕೇಳಿಸಲಿಲ್ಲ, ನನಗಂತೂ ಕಿವಿಯೇ ಇಲ್ಲ ಎಂದು. ಆ ದಿನ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಹಾಗೆ ನಂಬಿದ್ದಾಳೋ, ನನ್ನನ್ನು ಉಳಿಸಲು ಹೇಳಿದಳೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆ ಮೇಲೆ ಆಕೆ ಗುಡ್ಡ ಹತ್ತಲಿಲ್ಲ. ಮಾತೂ ಕಡಿಮೆಯಾಯಿತು. ಗಾಡಿ ಬರುವುದು ನಿಂತಿತು. ಕೊಟ್ರಮ್ಮ ಮಾತ್ರ ವರ್ಷ ತುಂಬಿದ ಮೇಲೆ, ಬಿಸಿಲೇರಿದ ಮೇಲೆ, ಓಣಿಯ ಹೆಂಗಸರ ಜೊತೆ ಮತ್ತೆ ಹೋಗತೊಡಗಿದಳು. ಅವಳು ಇಳಿದು ಬರುವವರೆಗೆ ಅತ್ತೆ ಗಾಳೆಮ್ಮನ ಕಲ್ಲಿನ ಪಕ್ಕ ಕೂತು ಕಾಯುತ್ತಿದ್ದಳು. ನನಗೆ ಕೊಟ್ಟೂರಿಗೆ ವರ್ಗವಾಯಿತು. ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದೆ. ಪ್ರತಿ ಸಲ ಬಸ್ಸಿನಲ್ಲಿ ಕೂತು, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಪ್ರತಿ ಸಲ ಚಹಾ ಕುಡಿದು ವಾಪಸು ಬರುವುದು. ಕೊಟ್ರಮ್ಮ ಆ ಮಡಚದ ಬೆರಳುಗಳಲ್ಲಿ ಲೋಟ ಹಿಡಿದು ಮುಂದೆ ಚಾಚಿದಾಗ ನಾನು ಅವಳ ಮುಖ ನೋಡದೆಯೇ ಅದನ್ನು ತೆಗೆದುಕೊಳ್ಳುತ್ತಿದ್ದೆ.

ಕೊನೆಯ ಸಲ ಹೋದಾಗ ಬೇಸಿಗೆ. ಆಕೆ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಬೇವಿನ ನೆರಳಿಗೆ ಮಂಚ ಹಾಕಿದ್ದರು. ಕೊಟ್ರಮ್ಮ ನೀರಿಗೆ ಹೋಗಿದ್ದಳು. ಆಕೆ ಕಣ್ಣು ಬಿಟ್ಟು, ಬಲಕ್ಕ ಕುಂದ್ರು ಬಾ ಎಂದಳು. ಮನೆಯಲ್ಲಿ ಆಕೆ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಗುಡ್ಡದ ದನಿ ಅದು.

"ಅವತ್ತು ನಿನಗ ಕೇಳಿಸಿತ್ತು" ಎಂದಳು.

ನಾನು ಹೂಂ ಎಂದೆ. ಅಷ್ಟು ವರ್ಷ ಬಾರದ್ದು ಅಷ್ಟು ಸುಲಭವಾಗಿ ಬಂತು.

"ನನಗ ಗೊತ್ತಿತ್ತು. ನನ್ನ ಮುಂಗೈ ಹಿಡಿದಿದ್ದ ನಿನ್ನ ಕೈ ಸಣ್ಣಗ ನಡುಗಿ ತಣ್ಣಗಾತು. ಅದರಾಗ ನನಗ ಎಲ್ಲಾ ತಿಳೀತು. ಎಡಕ್ಕ ಅದಾನ ಅಂತ ತಿಳೀತು. ನಾ ಒದರಬೇಕಿತ್ತು ಯವ್ವಾ. ನಲವತ್ತು ವರ್ಷ ಆ ಗುಡ್ಡದ ಮ್ಯಾಲ ಒದರಿದಾಕಿ ನಾನು. ಅವತ್ತು ನನಗ ಬಾಯಿ ಬರಲಿಲ್ಲ. ಹನ್ನೆರಡು ವರ್ಷದಾಕಿ ಆಗಿಬಿಟ್ಟೆ."

ನನ್ನ ಅಂಜಿಕೆ ಆಕೆಗೆ ಸುದ್ದಿ ಮುಟ್ಟಿಸಿತ್ತು, ಆಕೆಯ ಅಂಜಿಕೆ ಅದನ್ನು ಅಲ್ಲೇ ತಡೆದು ನಿಲ್ಲಿಸಿತ್ತು. ನಾನು ಆಕೆಯ ಕೈ ಹಿಡಿದುಕೊಂಡೆ. ಇಬ್ಬರ ಕೈಗಳೂ ತಣ್ಣಗಿದ್ದವು.

"ಆಕಿಗೆ ಹೇಳಬೇಕಂತ ದಿನಾ ಅನಕೋತೀನಿ. ಆಕಿ ಆ ಕೈಲೆ ನನ್ನ ತಲಿ ಎತ್ತಿ ಹಿಡಿದು ಗಂಜಿ ಕುಡಿಸ್ತಾಳ. ಹೆಂಗ ಹೇಳಲಿ? ಹೇಳಿದ್ರ ಕೈ ತೆಗೀತಾಳೇನೋ ಅಂತ ಅಂಜಿಕಿ" ಎಂದಳು. ಆಮೇಲೆ, ನಾ ಹೋದ ಮ್ಯಾಲ ನೀ ಹೇಳು ಎಂದು ಸೇರಿಸಿದಳು. ಕೊಟ್ರಮ್ಮ ಕೊಡ ಹೊತ್ತು ಬಂದಳು. ಮಾತು ಅಲ್ಲಿಗೆ ನಿಂತಿತು.

ಮೂರು ವಾರದ ಮೇಲೆ ಫೋನು ಬಂತು. ಮಣ್ಣಿಗೆ ಹೋಗಿ ಬಂದೆ, ಆದರೆ ಆ ಜನಜಂಗುಳಿಯಲ್ಲಿ ಹೇಳುವ ಮಾತಲ್ಲ ಅದು. ಮೃಗಶಿರಾ ಮಳೆ ಒಂದು ಹದ ಬಿದ್ದ ಮೇಲೆ ಕೊಟ್ರಮ್ಮ ಮತ್ತೆ ಫೋನು ಮಾಡಿ, ಅತ್ತೆಯ ಬೀಜದ ಡಬ್ಬಿ ಜಂತಿಯಲ್ಲೇ ಇದೆ, ಈ ವರ್ಷವೂ ಊರಬೇಕೆಂದು ಹೇಳಿದ್ದಳು, ನೀವು ಬಂದರೆ ಹೋಗೋಣ ಎಂದಳು. ರಜೆ ಹಾಕಿ ಹೋದೆ.

ಬಿಸಿಲು ಬಂಡೆಗೆ ತಾಕಿ ಬೆಚ್ಚಗಾಗುವವರೆಗೆ ಗಾಳೆಮ್ಮನ ಕಲ್ಲಿನ ಹತ್ತಿರ ಕೂತೆವು. ಆಮೇಲೆ ಕೊಟ್ರಮ್ಮ ಎದ್ದು ನಿಂತು, ಅತ್ತೆಯದೇ ಧಾಟಿಯಲ್ಲಿ, ಇಬ್ಬರು ಬಂದೀವಪ್ಪ ಎಂದು ಗಟ್ಟಿಯಾಗಿ ಹೇಳಿದಳು. ನನಗೆ ಅಲ್ಲಿಂದ ಮುಂದೆ ಕಾಲು ಬರಲಿಲ್ಲ. ಈಗ ಹೇಳದಿದ್ದರೆ ಮೇಲೆ ಏನು ಕೇಳಿಸಿದರೂ ನಾನು ಮತ್ತೆ ಹೇಳಲಾರೆ ಎನಿಸಿತು. ಅಲ್ಲೇ ನಿಂತು ಎಲ್ಲ ಹೇಳಿದೆ. ಸೊರ್ರೆಂಬ ಸದ್ದು, ನನ್ನ ಕೈ, ಆಕೆಯ ಕೈ, ಗಾಳಿ ಇರಲಿಲ್ಲವೆಂಬುದು, ಬೇರೆ ಕಡೆ ಹೋಗಲಿ ಎಂಬ ಯೋಚನೆ ನನಗೆ ಬಂದದ್ದು. ಅದನ್ನೂ ಬಿಡಲಿಲ್ಲ.

ಕೊಟ್ರಮ್ಮ ನನ್ನ ಮುಖ ನೋಡಲಿಲ್ಲ. ಬಲಗೈಯಿಂದ ಆ ಎಡಗೈಯನ್ನು ಭುಜದಿಂದ ಬೆರಳವರೆಗೆ ಸವರಿಕೊಳ್ಳುತ್ತಾ ಗುಡ್ಡದ ಕಡೆ ನೋಡುತ್ತಾ ನಿಂತಳು. ಹೊಡೆದರೂ ಹೊಡೆಯಲಿ, ವಾಪಸು ಹೋಗು ಎಂದರೂ ಎನ್ನಲಿ ಎಂದುಕೊಂಡು ನಾನು ಕಾದೆ.

"ಇಷ್ಟು ವರ್ಷ ನಾನ ನನ್ನ ಬೈಕೊಂಡೀನಿ ಟೀಚರ್" ಎಂದಳು ಕೊನೆಗೆ. "ಅತ್ತಿ ಬಾಯಿ ಮುಚ್ಚಿಸಿದಾಕಿ ನಾನು. ಅದಕ್ಕ ಹಿಂಗಾತು ಅಂತ. ಅತ್ತಿ ಮಾತು ಬಿಟ್ಟಿದ್ದು ನನ್ನ ಮ್ಯಾಲಿನ ಸಿಟ್ಟಿಗೆ ಅಂತ ತಿಳಿದಿದ್ದೆ." ದನಿ ಗಟ್ಟಿಯಾಗಿಯೇ ಇತ್ತು. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಡಬ್ಬಿಯನ್ನು ಬಲಗೈಗೆ ತೆಗೆದುಕೊಂಡಳು. "ಎಡಗೈಲೆ ನನಗ ಕೋಲು ಎತ್ತಾಕ ಬರಂಗಿಲ್ಲ. ನೀವು ಎಡಕ್ಕ ಬರ್ರಿ. ಈ ಸಲ ಕೇಳಿಸಿದ್ರ ಹೇಳ್ರಿ."

ಹತ್ತಿದೆವು. ಅವಳು ಮನೆಯ ಸುದ್ದಿಯನ್ನೆಲ್ಲ ಗುಡ್ಡಕ್ಕೆ ಹೇಳುತ್ತಾ ನಡೆದಳು. ಅತ್ತೆ ಹೋದಳು ಎಂಬ ಸುದ್ದಿಯನ್ನೂ ಹೇಳಿದಳು. ನಾನು ಎಡಗಡೆಯಿಂದ ಕೇಳಿದ್ದನ್ನೆಲ್ಲ ಹೇಳುತ್ತಾ ಹೋದೆ. ಓತಿಕ್ಯಾತ. ಒಣ ಎಲೆ. ಕೌಜುಗ. ನೀರು ಜಿನುಗುತ್ತಿದೆ. ಸಂದಿ ಸಿಕ್ಕಲ್ಲೆಲ್ಲ ನಿಂತು ಬೀಜ ಊರಿದೆವು. ಡಬ್ಬಿ ಅರ್ಧ ಖಾಲಿಯಾಗಿತ್ತು, ದೊಡ್ಡ ಬಂಡೆ ಕಾಣುತ್ತಿತ್ತು. ಆಗ ಎಡಗಡೆ ಕಾರೆ ಮುಳ್ಳಿನ ಹಿಂದಿನಿಂದ ಏನೋ ಒಂದು ಸದ್ದು ಬಂದು ನಿಂತಿತು. ಏನೆಂದು ತಿಳಿಯಲಿಲ್ಲ. ಬಾಯಿ ಅಂದಿನ ಹಾಗೆಯೇ ಒಣಗಿತು, ನಾಲಿಗೆ ಅಂದಿನ ಹಾಗೆಯೇ ಅಂಟಿಕೊಂಡಿತು.

"ಎಡಕ್ಕ ಏನೋ ಐತಿ" ಎಂದೆ.

ಕೊಟ್ರಮ್ಮ ಏನು ಎತ್ತ ಎಂದು ಕೇಳಲಿಲ್ಲ. ಬೀಜದ ಡಬ್ಬಿಯನ್ನು ಅಲ್ಲೇ ಬಂಡೆಯ ಮೇಲಿಟ್ಟಳು. ಇಬ್ಬರೂ ಮುಳ್ಳಿನ ಕಡೆಗೇ ಮುಖ ಮಾಡಿಕೊಂಡು, ಗಟ್ಟಿಯಾಗಿ ಮಾತಾಡುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದು, ತಿರುವಿನವರೆಗೆ ಹಾಗೇ ಇಳಿದೆವು. ಮುಳ್ಳಿನ ಹಿಂದೆ ಏನಿತ್ತೋ, ಏನಾದರೂ ಇತ್ತೋ ಇಲ್ಲವೋ, ನಮಗೆ ಇವತ್ತಿಗೂ ಗೊತ್ತಿಲ್ಲ. ಕೆಳಗೆ ಬಂದು ಗಾಳೆಮ್ಮನ ಕಲ್ಲು ಹಿಡಿದು ನಿಂತಾಗ ಇಬ್ಬರಿಗೂ ಉಸಿರು ಸಿಗುತ್ತಿರಲಿಲ್ಲ. ಕೊಟ್ರಮ್ಮ ಸುಧಾರಿಸಿಕೊಂಡು, ನನ್ನನ್ನೊಮ್ಮೆ ನೋಡಿ, ಗುಡ್ಡದ ಕಡೆ ತಿರುಗಿ ಹೇಳಿದಳು.

"ಇಬ್ಬರು ಹತ್ತಿದ್ವಿ. ಇಬ್ಬರೂ ಇಳದೀವಿ."